ಸಾರಾಂಶ ಬರೆದರೆ ವಿಶ್ಲೇಷಣೆ ಆಗಲ್ಲ ಅಂತಾರೆ, ಹಾಗಾದರೆ ಬರೆಯಬೇಕಾದ್ದೇನು?

ಪ್ರಶ್ನೆ: ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ಮನವೊಲಿಸುವ ಒಂದು ಲೇಖನ ಆರಿಸಿಕೊಂಡು ಅದರ ರೆಟರಿಕಲ್ ಸಿಚುಯೇಶನ್ ವಿಶ್ಲೇಷಣೆ ಮಾಡಿ ಅಂತ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಪ್ರಾಥಮಿಕ ತರಗತಿಯ ಮಕ್ಕಳಿಗೆ ಹೋಮ್‌ವರ್ಕ್ ಬೇಡ ಅನ್ನುವ ಒಂದು ಪತ್ರಿಕಾ ಲೇಖನ ತೆಗೆದುಕೊಂಡೆ. ಬರೆದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಶಾಲೆಗಳು ಶುರುವಾದ ವಾರ ಅದು ಪ್ರಕಟವಾಗಿತ್ತು. ನೋಟ್‌ಬುಕ್ ಮೇಲೆ ತಲೆಯಿಟ್ಟು ರಾತ್ರಿ ನಿದ್ದೆಹೋದ ಮಗುವಿನಿಂದ ಲೇಖನ ಶುರುವಾಗುತ್ತದೆ. ಆಮೇಲೆ ‘ನಾನೂ ಇಷ್ಟು ವರ್ಷ ಹೋಮ್‌ವರ್ಕ್ ಕೊಟ್ಟವಳೇ’ ಅಂತಾರೆ. ನಡುವೆ ಒಂದು ಸಮೀಕ್ಷೆ ಬರುತ್ತದೆ. ಕೊನೆಗೆ ಶಿಕ್ಷಣ ಇಲಾಖೆ ನಿಯಮ ತರಬೇಕು ಅಂತ ಒತ್ತಾಯ. ನಾನು ನಾಲ್ಕು ಪುಟ ಬರೆದೆ: ಲೇಖಕಿ ಅನುಭವಿ, ಹಾಗಾಗಿ ಈಥೋಸ್, ಮಗುವಿನ ಚಿತ್ರ ಪೇಥೋಸ್, ಸಮೀಕ್ಷೆ ಲೋಗೋಸ್, ಓದುಗರು ಸಾಮಾನ್ಯ ಜನ. ‘ಇದು ಸಾರಾಂಶ, ವಿಶ್ಲೇಷಣೆ ಎಲ್ಲಿ?’ ಅಂತ ಬರೆದು ವಾಪಸ್ ಕೊಟ್ಟರು. ಲೇಖಕಿಯ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ಹೇಗೆ ಗೊತ್ತಾಗಬೇಕು ಸರ್? ಅವರ ವಾದ ನನಗೆ ಪೂರ್ತಿ ಒಪ್ಪಿಗೆ ಬೇರೆ. ಒಪ್ಪಿದ್ದನ್ನು ವಿಶ್ಲೇಷಣೆ ಮಾಡುವುದು ಹೇಗೆ? ಸೋಮವಾರ ಮತ್ತೆ ಕೊಡಬೇಕು. ಲೇಖನವನ್ನೇ ಬದಲಾಯಿಸಿಬಿಡಲಾ?

ಉತ್ತರ: ಬದಲಾಯಿಸಬೇಡಿ. ಒಳ್ಳೆಯ ಲೇಖನವೇ ಸಿಕ್ಕಿದೆ ನಿಮಗೆ.

ನಿಮ್ಮ ಚಿಂತೆ ನನಗೆ ಅರ್ಥವಾಗಿದ್ದು ಹೀಗೆ. ಪಾಠದಲ್ಲಿ ಹೇಳಿಕೊಟ್ಟ ಹೆಸರುಗಳನ್ನೆಲ್ಲ ಸರಿಯಾಗಿಯೇ ಹಚ್ಚಿದ್ದೀರಿ, ಎಲ್ಲಿಯೂ ತಪ್ಪು ಬರೆದಿಲ್ಲ, ಆದರೂ ವಿಶ್ಲೇಷಣೆ ಆಗಿಲ್ಲ ಅಂತಿದ್ದಾರೆ, ಇನ್ನೇನು ಬಾಕಿ ಇದೆ ಅಂತ ತಿಳಿಯುತ್ತಿಲ್ಲ. ಅಲ್ವಾ? ನಾನು ಹಿಂದೆ ಒಂದು ಪತ್ರಿಕೆಯಲ್ಲಿ ಅಭಿಪ್ರಾಯ ಪುಟ ನೋಡಿಕೊಳ್ಳುತ್ತಿದ್ದೆ, ಈಗ ಬರವಣಿಗೆ ಕಲಿಸುತ್ತೇನೆ. ಪ್ರತಿ ಬ್ಯಾಚ್‌ನಲ್ಲೂ ಅರ್ಧಕ್ಕರ್ಧ ಜನ ಸಿಕ್ಕಿಬೀಳುವುದು ಇಲ್ಲೇ. ನಿಮ್ಮ ಲೇಖನವನ್ನು ನಾನು ಓದಿಲ್ಲ. ನೀವು ಹೇಳಿದಷ್ಟನ್ನೇ ಇಟ್ಟುಕೊಂಡು ಮಾತಾಡುತ್ತೇನೆ. ಮೂಲದ ಜೊತೆ ನೀವೇ ತಾಳೆ ನೋಡಿ.

ಮೊದಲು ಈ ಈಥೋಸ್, ಪೇಥೋಸ್, ಲೋಗೋಸ್ ವಿಷಯ. ಕ್ರಿ.ಪೂ. 4ನೇ ಶತಮಾನದಲ್ಲಿ ಅರಿಸ್ಟಾಟಲ್ ಮಾಡಿಟ್ಟ ವಿಂಗಡಣೆ ಅದು. ಮಾತಾಡುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ವಾದದ ತರ್ಕ. ಮೂರೂ ಮನವೊಲಿಸುವ ದಾರಿಗಳು. ಒಂದು ಲೇಖನದಲ್ಲಿ ಈ ಮೂರೂ ಇವೆ ಅಂತ ತೋರಿಸುವುದು ಕಷ್ಟವೇನಲ್ಲ, ಯಾಕೆಂದರೆ ಹೆಚ್ಚುಕಡಿಮೆ ಎಲ್ಲ ಲೇಖನದಲ್ಲೂ ಇರುತ್ತವೆ. ನಿಮಗೆ ಕೊಟ್ಟಿರುವ ರೆಟರಿಕಲ್ ಸಿಚುಯೇಶನ್, ಅಂದರೆ ಮಾತು ಹುಟ್ಟಿದ ಸಂದರ್ಭ, ಅದರ ವಿಶ್ಲೇಷಣೆ ಕೇಳುವ ಪ್ರಶ್ನೆ ಬೇರೆ. ಈ ವಿಷಯವನ್ನು, ಈ ಜನರಿಗೆ, ಈ ಹೊತ್ತಿನಲ್ಲಿ ಹೇಳಬೇಕಾಗಿ ಬಂದಾಗ ಲೇಖಕಿ ಈ ದಾರಿಯನ್ನೇ ಯಾಕೆ ಹಿಡಿದರು? ಹೊರಗಿನ ಪರಿಸ್ಥಿತಿಗೂ ಒಳಗಿನ ಒಂದು ಸಾಲಿಗೂ ಗಂಟು ಹಾಕಿ ತೋರಿಸಬೇಕು. ಆ ಗಂಟು ಇಲ್ಲದಿದ್ದರೆ ನಾಲ್ಕು ಪುಟ ಬರೆದರೂ ಅದು ಸಾರಾಂಶವೇ, ಮೇಲೊಂದಷ್ಟು ಗ್ರೀಕ್ ಪದ ಅಷ್ಟೇ.

ಇದನ್ನು ಪರೀಕ್ಷೆ ಮಾಡಲು ಒಂದು ಸುಲಭದ ದಾರಿ ಇದೆ. ನಿಮ್ಮ ಬರಹದಿಂದ ಒಂದು ವಾಕ್ಯ ಎತ್ತಿಕೊಳ್ಳಿ. ‘ಲೇಖಕಿ ಮಗುವಿನ ಚಿತ್ರಣದ ಮೂಲಕ ಓದುಗರ ಭಾವನೆಗಳನ್ನು ಮುಟ್ಟುತ್ತಾರೆ’ ಅಂತ ಇದೆ ಅಂದುಕೊಳ್ಳೋಣ. ಈ ವಾಕ್ಯವನ್ನು ಲಸಿಕೆಯ ಬಗ್ಗೆ, ಬಾಲಕಾರ್ಮಿಕರ ಬಗ್ಗೆ, ಮೊಬೈಲ್ ಚಟದ ಬಗ್ಗೆ ಬರೆದ ಲೇಖನದ ವಿಶ್ಲೇಷಣೆಗೆ ಹಾಗೇ ಅಂಟಿಸಬಹುದಾ? ಆರಾಮಾಗಿ ಅಂಟಿಸಬಹುದು. ಹಾಗಾದರೆ ಆ ವಾಕ್ಯ ನಿಮ್ಮ ಲೇಖನದ ಬಗ್ಗೆ ಏನೂ ಹೇಳಿಲ್ಲ. ಹೊಡೆದುಹಾಕಿ.

ಸಂದರ್ಭ ಅಂದರೆ ಏನು ಅನ್ನುವುದಕ್ಕೆ ಇವತ್ತಿಗೂ ಪಾಠಗಳಲ್ಲಿ ಬಳಕೆಯಾಗುವುದು ಅಮೆರಿಕದ ವಿದ್ವಾಂಸ ಲಾಯ್ಡ್ ಬಿಟ್ಜರ್ 1968ರಲ್ಲಿ ಕೊಟ್ಟ ವಿವರಣೆ. ಅವರ ಲೆಕ್ಕದಲ್ಲಿ ಮೂರು ಅಂಗ: ಎಕ್ಸಿಜೆನ್ಸ್, ಆಡಿಯನ್ಸ್, ಕನ್‌ಸ್ಟ್ರೇಂಟ್ಸ್. ಎಕ್ಸಿಜೆನ್ಸ್ ಅಂದರೆ ಈಗಲೇ ಸರಿಪಡಿಸಬೇಕಾದ ಕೊರತೆ, ತುರ್ತು. ಆದರೆ ಯಾವ ತುರ್ತಾದರೂ ನಡೆಯುವುದಿಲ್ಲ. ಮಾತಿನಿಂದ, ಬರಹದಿಂದ ಬದಲಾಗುವಂಥದ್ದೇ ಆಗಬೇಕು. ಸಾವನ್ನು, ಚಳಿಗಾಲವನ್ನು ಯಾರೂ ಲೇಖನ ಬರೆದು ತಡೆಯಲು ಆಗುವುದಿಲ್ಲ ಅಂತ ಅವರೇ ಉದಾಹರಣೆ ಕೊಡುತ್ತಾರೆ. ಆಡಿಯನ್ಸ್ ಅಂದರೆ ಸುಮ್ನೆ ಓದಿ ಮಡಚಿಡುವವರೆಲ್ಲ ಅಲ್ಲ, ಮನಸ್ಸು ಬದಲಾದರೆ ಏನಾದರೂ ಮಾಡುವ ಶಕ್ತಿ ಇರುವವರು. ಕನ್‌ಸ್ಟ್ರೇಂಟ್ಸ್ ಅಂದರೆ ಆ ಬದಲಾವಣೆಗೆ ಅಡ್ಡ ಬರುವ, ಕೆಲವೊಮ್ಮೆ ನೆರವಾಗುವ ಸಂಗತಿಗಳು: ಜನರ ನಂಬಿಕೆ, ಕಾನೂನು, ಬರೆದವರ ಹಿನ್ನೆಲೆ, ಪತ್ರಿಕೆಯ ಜಾಗದ ಮಿತಿ, ಇಂಥವು.

ಈಗ ನಿಮ್ಮ ಲೇಖನಕ್ಕೆ ಬನ್ನಿ. ‘ಓದುಗರು ಸಾಮಾನ್ಯ ಜನ’ ಅಂತ ಬರೆದಿದ್ದೀರಲ್ಲ, ನಿಮ್ಮ ನಾಲ್ಕು ಪುಟ ಕೆಟ್ಟಿದ್ದು ಆ ಒಂದು ಸಾಲಿನಿಂದ. ಮಕ್ಕಳ ಬಗ್ಗೆ ಲೇಖನ, ಆದರೆ ಮಕ್ಕಳು ಆಡಿಯನ್ಸ್ ಅಲ್ಲ. ಅವರು ಪತ್ರಿಕೆ ಓದುವುದಿಲ್ಲ, ಓದಿದರೂ ಹೋಮ್‌ವರ್ಕ್ ನಿಲ್ಲಿಸುವುದು ಅವರ ಕೈಲಿಲ್ಲ. ಹಾಗಾದರೆ ಶಿಕ್ಷಣ ಇಲಾಖೆಯಾ? ಕೊನೆಯ ಪ್ಯಾರಾ ಹಾಗೇ ಹೇಳುತ್ತದೆ. ಆದರೆ ಮೊದಲ ಪ್ಯಾರಾ ನೋಡಿ. ರಾತ್ರಿ ನೋಟ್‌ಬುಕ್ ಮೇಲೆ ನಿದ್ದೆಹೋದ ಮಗುವನ್ನು ದಿನಾ ಯಾರು ನೋಡುತ್ತಾರೆ? ಇಲಾಖೆಯ ಅಧಿಕಾರಿ ತನ್ನ ಕಚೇರಿಯಿಂದ ಅದನ್ನು ನೋಡುವುದಿಲ್ಲ. ಕ್ಲಾಸ್ ಟೀಚರ್ ಕೂಡ ನೋಡುವುದಿಲ್ಲ, ಅವರಿಗೆ ಕಾಣುವುದು ಬೆಳಗ್ಗೆ ಅರ್ಧ ಬರೆದ ಪುಟ ಮಾತ್ರ. ಆ ದೃಶ್ಯ ಗೊತ್ತಿರುವುದು ತಂದೆತಾಯಿಗೆ. ಅರ್ಜಿ ಇಲಾಖೆಯ ಹೆಸರಿಗಿದೆ, ಮಾತು ತಂದೆತಾಯಿಯ ಜೊತೆ ನಡೆದಿದೆ. ಯಾಕೆ ಹೀಗೆ? ಹೋಮ್‌ವರ್ಕ್ ಜಾಸ್ತಿ ಕೊಡುವ ಶಾಲೆಯೇ ಒಳ್ಳೆಯ ಶಾಲೆ ಅಂತ ನಂಬಿ, ಕೊಡದಿದ್ದರೆ ಹೋಗಿ ಕೇಳುವವರು ಅವರೇ ಆಗಿದ್ದರೆ, ಇಲಾಖೆ ನಿಯಮ ತಂದರೂ ಅದು ಕಾಗದದಲ್ಲೇ ಉಳಿಯುತ್ತದೆ. ಒಬ್ಬ ಮುಖ್ಯೋಪಾಧ್ಯಾಯಿನಿಗೆ ಇದು ಗೊತ್ತಿಲ್ಲದೆ ಇರುತ್ತದಾ? ಈ ಎಳೆ ಹಿಡಿದರೆ ನಿಮಗೆ ಒಂದು ನಿಜವಾದ ವಾದ ಸಿಗುತ್ತದೆ.

ಇನ್ನು ‘ನಾನೂ ಇಷ್ಟು ವರ್ಷ ಹೋಮ್‌ವರ್ಕ್ ಕೊಟ್ಟವಳೇ’ ಅನ್ನುವ ಸಾಲು. ಇದನ್ನು ಈಥೋಸ್ ಅಂತ ಕರೆದು ಮುಂದೆ ಹೋಗಿದ್ದೀರಿ. ಸ್ವಲ್ಪ ನಿಲ್ಲಿ. ಅನುಭವ ಅವರಿಗೆ ಬಲವೂ ಹೌದು, ತೊಡಕೂ ಹೌದು. ‘ಅಧಿಕಾರದಲ್ಲಿ ಇದ್ದಾಗ ಸುಮ್ಮನಿದ್ದು, ನಿವೃತ್ತರಾದ ಮೇಲೆ ಬುದ್ಧಿ ಹೇಳುತ್ತಿದ್ದಾರೆ’ ಅಂತ ಯಾರಾದರೂ ಮೂತಿ ತಿರುಗಿಸುವುದು ಖಂಡಿತ. ಆ ಮಾತು ಓದುಗರ ಬಾಯಿಗೆ ಬರುವ ಮೊದಲೇ ತಾವೇ ಹೇಳಿಕೊಂಡಿದ್ದಾರೆ. ಜೊತೆಗೆ ಇನ್ನೊಂದು ಕೆಲಸವೂ ಆಯಿತು. ‘ನಾನೂ’ ಅನ್ನುವಲ್ಲಿ ಆ ‘ಊ’ ಇದೆಯಲ್ಲ, ಅದು ಈಗ ಕೆಲಸದಲ್ಲಿರುವ ಶಿಕ್ಷಕರ ಮೇಲಿನ ಆರೋಪದ ಮೊನೆಯನ್ನು ಮೊಂಡು ಮಾಡುತ್ತದೆ. ಅವರನ್ನು ಎದುರು ಹಾಕಿಕೊಂಡರೆ ಈ ಬದಲಾವಣೆ ಆಗುವುದಿಲ್ಲ. ನೋಡಿ, ಒಂದು ಸಾಲು, ಎರಡು ಅಡ್ಡಿ, ಎರಡಕ್ಕೂ ಉತ್ತರ. ಇಷ್ಟನ್ನು ಬರೆದರೆ ‘ವಿಶ್ಲೇಷಣೆ ಎಲ್ಲಿ’ ಅಂತ ಯಾರೂ ಕೇಳುವುದಿಲ್ಲ.

ಪ್ರಕಟವಾದ ಹೊತ್ತನ್ನೂ ಬಿಡಬೇಡಿ. ಶಾಲೆ ಶುರುವಾದ ವಾರ ಅಂದರೆ ವೇಳಾಪಟ್ಟಿ ಇನ್ನೂ ಗಟ್ಟಿಯಾಗಿಲ್ಲ, ಮನೆಯಲ್ಲಿ ಮಗುವಿನ ಸಂಜೆಯ ಅಭ್ಯಾಸವೂ ಕೂತಿಲ್ಲ. ಇದೇ ಲೇಖನ ಪರೀಕ್ಷೆಯ ಹಿಂದಿನ ವಾರ ಬಂದಿದ್ದರೆ ಓದಿದವರಿಗೆ ಸಿಟ್ಟು ಬರುತ್ತಿತ್ತು. ಒಂದೇ ಮಾತು, ದಿನ ಬೇರೆಯಾದರೆ ತೂಕ ಬೇರೆ.

ನಿಮ್ಮ ದೊಡ್ಡ ಪ್ರಶ್ನೆ: ಲೇಖಕಿಯ ಮನಸ್ಸಿನಲ್ಲಿ ಏನಿತ್ತು ಅಂತ ನಮಗೆ ಹೇಗೆ ಗೊತ್ತಾಗಬೇಕು? ಗೊತ್ತಾಗುವುದಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಬರೆದವರ ಎದೆಯೊಳಗೆ ಇಣುಕಬೇಕು ಅನ್ನುವುದು ತುಂಬಾ ಜನ ನಂಬಿರುವ ಸುಳ್ಳು. ನೀವು ನೋಡಬೇಕಾದ್ದು ಆ ಪ್ಯಾರಾ ಮಾಡುವ ಕೆಲಸವನ್ನು. ‘ಲೇಖಕಿ ಪೋಷಕರಲ್ಲಿ ತಪ್ಪಿತಸ್ಥ ಭಾವ ಹುಟ್ಟಿಸಲು ಬಯಸಿದ್ದರು’ ಅಂದರೆ ಊಹೆ. ‘ಹೋಮ್‌ವರ್ಕ್ ಮಾಡಿಸಲು ಪಕ್ಕದಲ್ಲಿ ಕೂತ ದೊಡ್ಡವರ ಜಾಗದಲ್ಲೇ ಓದುಗರನ್ನು ಕೂರಿಸುತ್ತದೆ ಈ ದೃಶ್ಯ’ ಅಂದರೆ ಪುಟದ ಮೇಲೆ ಬೆರಳಿಟ್ಟು ತೋರಿಸಬಹುದಾದ ಮಾತು. ಕ್ರಿಯಾಪದವನ್ನು ಲೇಖಕಿಯಿಂದ ಕಿತ್ತು ಲೇಖನಕ್ಕೆ ಕೊಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಪತ್ರಿಕೆಯ ಡೆಸ್ಕಿನಲ್ಲಿ, ಅಂದರೆ ಬಂದ ಬರಹಗಳನ್ನು ತಿದ್ದಿ ಪುಟಕ್ಕೆ ಹಾಕುವ ವಿಭಾಗದಲ್ಲಿ, ಕೆಲಸ ಮಾಡಿದವನಾಗಿ ಒಂದು ಎಚ್ಚರಿಕೆ. ಪತ್ರಿಕೆಗಳಲ್ಲಿ ಅಭಿಪ್ರಾಯ ಲೇಖನದ ತಲೆಬರಹವನ್ನು ಸಾಮಾನ್ಯವಾಗಿ ಬರೆಯುವುದು ಡೆಸ್ಕಿನವರು, ಲೇಖಕರಲ್ಲ. ಫೋಟೊ ಆರಿಸುವವರೂ ಅವರೇ. ಹೆಡ್ಡಿಂಗ್ ಖಾರವಾಗಿದ್ದು ಒಳಗಿನ ಮಾತು ಮೆತ್ತಗಿದ್ದರೆ ‘ಲೇಖಕಿ ಶೀರ್ಷಿಕೆಯಲ್ಲೇ ದಾಳಿ ಮಾಡುತ್ತಾರೆ’ ಅಂತ ಬರೆದು ಸಿಕ್ಕಿಹಾಕಿಕೊಳ್ಳಬೇಡಿ. ಜಾಗ ಸಾಲದೆ ಕತ್ತರಿ ಹಾಕಬೇಕಾದಾಗ ‘ಕೆಲವರು ಹೀಗೂ ಹೇಳಬಹುದು’ ಅಂತ ಎದುರು ವಾದ ಬರುವ ಪ್ಯಾರಾ ಎಷ್ಟೋ ಸಲ ಮೊದಲು ಹೋಗುತ್ತದೆ. ಹಾಗಾಗಿ ಎದುರು ವಾದ ಇಲ್ಲ ಅಂತ ಕಂಡ ಕೂಡಲೇ ಲೇಖಕಿ ಏಕಪಕ್ಷೀಯ ಅನ್ನುವ ತೀರ್ಪಿಗೆ ಹಾರಬೇಡಿ. ‘ಪ್ರಕಟವಾದ ರೂಪದಲ್ಲಿ ಎದುರು ವಾದಕ್ಕೆ ಜಾಗವಿಲ್ಲ’ ಅನ್ನಿ. ನಿವೃತ್ತ ಮುಖ್ಯೋಪಾಧ್ಯಾಯಿನಿ ಅನ್ನುವ ವಿವರ ಎಲ್ಲಿದೆ ಅಂತಲೂ ನೋಡಿ. ಲೇಖನದ ಒಳಗೇ ಇದೆಯೋ, ಕೊನೆಯಲ್ಲಿ ಸಣ್ಣ ಅಕ್ಷರದ ಪರಿಚಯದಲ್ಲಿ ಮಾತ್ರ ಇದೆಯೋ? ಕೊನೆಯಲ್ಲಿ ಮಾತ್ರ ಇದ್ದರೆ ಆ ಗೌರವವನ್ನು ಎದುರಿಗೆ ತಂದಿಟ್ಟಿದ್ದು ಪತ್ರಿಕೆ.

ಒಪ್ಪಿದ್ದನ್ನು ವಿಶ್ಲೇಷಿಸುವುದು ನಿಜಕ್ಕೂ ಕಷ್ಟ, ಅದನ್ನು ನೀವಾಗಿ ಗುರುತಿಸಿದ್ದು ಒಳ್ಳೆಯದಾಯಿತು. ಒಪ್ಪಿಗೆ ಇದ್ದಾಗ ಲೇಖಕಿ ಸಾಬೀತು ಮಾಡದೆ ಬಿಟ್ಟ ಮಾತುಗಳು ಕಣ್ಣಿಗೇ ಬೀಳುವುದಿಲ್ಲ. ನಾನು ಮಾಡಿಸುವ ಕೆಲಸ ಹೀಗೆ: ಲೇಖನ ಸುಮ್ನೆ ಸತ್ಯ ಅಂತ ಅಂದುಕೊಂಡು, ಯಾವ ಪುರಾವೆಯನ್ನೂ ಕೊಡದೆ ದಾಟಿಹೋದ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮಗುವಿನ ಸಂಜೆ ಆಟಕ್ಕೆ ಸೇರಿದ್ದು. ಮನೆಯಲ್ಲಿ ಮಗುವಿನ ಪಕ್ಕ ಕೂರಲು ಯಾರೋ ಒಬ್ಬರು ಇರುತ್ತಾರೆ. ಶಾಲೆಯಲ್ಲಿ ಕಲಿಸಿದ್ದು ಶಾಲೆಯಲ್ಲೇ ಮುಗಿಯಬಹುದು. ಇವನ್ನು ಯಾರಿಗೆ ಸಾಬೀತು ಮಾಡಬೇಕಾಗಿಲ್ಲವೋ ಅವರೇ ಲೇಖನದ ನಿಜವಾದ ಆಡಿಯನ್ಸ್. ಆಮೇಲೆ ಹಾಳೆ ತಿರುಗಿಸಿ, ಈ ಮಾತುಗಳನ್ನು ಒಪ್ಪದೆ ಇರುವವರು ಯಾರು ಅಂತ ಕೇಳಿ. ಕೆಲಸ ಮುಗಿಸಿ ತಡವಾಗಿ ಬರುವ ತಾಯಿಗೆ, ಶಾಲೆಯಲ್ಲಿ ಏನು ನಡೆಯುತ್ತಿದೆ ಅಂತ ತಿಳಿಯಲು ಇರುವ ಒಂದೇ ಕಿಟಕಿ ಆ ಹೋಮ್‌ವರ್ಕ್ ಪುಸ್ತಕ ಇರಬಹುದು. ಅವರ ಜೊತೆ ಈ ಲೇಖನ ಮಾತಾಡಿದೆಯಾ, ಬಿಟ್ಟುಬಿಟ್ಟಿದೆಯಾ? ನೀವು ವಾದವನ್ನು ಒಪ್ಪಿಕೊಂಡೇ ಈ ಪ್ರಶ್ನೆ ಕೇಳಬಹುದು. ಲೇಖನ ಸರಿಯೋ ತಪ್ಪೋ ಅನ್ನುವ ತೀರ್ಪನ್ನು ಯಾರೂ ಕೇಳಿಲ್ಲ.

ಹೆಸರಿಗೆ ಒಬ್ಬರು, ಮಾತು ಇನ್ನೊಬ್ಬರಿಗೆ ಅನ್ನುವುದು ನಾನು ಈಗ ಕಟ್ಟಿದ್ದು ಅಂತ ಅನ್ನಿಸಿದರೆ ಒಂದು ಪ್ರಸಿದ್ಧ ಉದಾಹರಣೆ ನೋಡಿ. ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲ್‌ನಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರ. ಅಲ್ಲಿನ 8 ಬಿಳಿಯ ಧರ್ಮಗುರುಗಳು ಒಂದು ಹೇಳಿಕೆ ಕೊಟ್ಟಿದ್ದರು: ವರ್ಣಭೇದದ ವಿರುದ್ಧ ನಡೆಯುತ್ತಿರುವ ಈ ಪ್ರತಿಭಟನೆಗಳು ವಿವೇಕದ್ದಲ್ಲ, ಸಮಯವೂ ಸರಿಯಿಲ್ಲ, ಹೊರಗಿನವರು ಬಂದು ಮಾಡಿಸುತ್ತಿದ್ದಾರೆ. ಕಿಂಗ್ ಪತ್ರ ಬರೆದಿದ್ದು ಈ 8 ಜನರಿಗೆ. ಆದರೆ ಆ ವರ್ಷವೇ ಅದು ಕರಪತ್ರವಾಗಿ, ನಿಯತಕಾಲಿಕಗಳಲ್ಲಿ ಅಚ್ಚಾಗಿ ದೇಶದ ತುಂಬಾ ಓಡಾಡಿತು. ಅದು ಮುಟ್ಟಬೇಕಾಗಿದ್ದು ದ್ವೇಷಿಗಳನ್ನಲ್ಲ, ‘ನಿಮ್ಮ ಗುರಿ ಸರಿ, ವಿಧಾನ ಸರಿಯಿಲ್ಲ, ಸ್ವಲ್ಪ ಕಾಯಿರಿ’ ಅನ್ನುತ್ತಿದ್ದ ಸಭ್ಯ ಬಿಳಿಯರನ್ನು. ಪತ್ರದೊಳಗೇ ಅವರ ಬಗ್ಗೆ ನಿರಾಸೆ ಹೇಳಿಕೊಳ್ಳುವ ಒಂದು ಉದ್ದ ಭಾಗ ಇದೆ.

ಅಡ್ಡಿಗಳನ್ನು ಅವರು ಹೇಗೆ ಎದುರಿಸಿದರು ನೋಡಿ. ಹೊರಗಿನವರು ಅನ್ನುವ ಮಾತಿಗೆ ಶುರುವಿನಲ್ಲೇ ಉತ್ತರ: ತಾನು ದಕ್ಷಿಣದ ರಾಜ್ಯಗಳಲ್ಲಿ ಕೆಲಸ ಮಾಡುವ ಸಂಘಟನೆಯ ಅಧ್ಯಕ್ಷ, ಇಲ್ಲಿನ ಅಂಗಸಂಸ್ಥೆ ಕರೆದಿದ್ದಕ್ಕೆ ಬಂದಿದ್ದೇನೆ. ಅನ್ಯಾಯದ ಕಾನೂನನ್ನು ಮುರಿಯಬಹುದು ಅನ್ನುವಲ್ಲಿ ಅವರು ಹೆಸರಿಸುವುದು ಅಗಸ್ಟೀನ್, ಅಕ್ವಿನಾಸ್, ಮಾರ್ಟಿನ್ ಬೂಬರ್, ಪಾಲ್ ಟಿಲಿಕ್. ಯಾಕೆ ಇವರೇ? ಆ 8 ಜನರಲ್ಲಿ ಕ್ಯಾಥೊಲಿಕ್ ಬಿಷಪ್ ಇದ್ದರು, ಪ್ರೊಟೆಸ್ಟೆಂಟರಿದ್ದರು, ಒಬ್ಬ ಯಹೂದಿ ರಬ್ಬಿಯೂ ಇದ್ದರು. ಬೂಬರ್ ಯಹೂದಿ ಚಿಂತಕ, ಟಿಲಿಕ್ ಪ್ರೊಟೆಸ್ಟೆಂಟ್, ಉಳಿದಿಬ್ಬರು ಚರ್ಚ್ ತಲೆತಲಾಂತರದಿಂದ ಗೌರವಿಸುವ ಸಂತರು. ಎದುರಿಗಿರುವವರು ತಳ್ಳಿಹಾಕಲು ಆಗದ ಹೆಸರುಗಳನ್ನೇ ಆರಿಸಿದ್ದಾರೆ. ನಿಮ್ಮಂತೆ ‘ಇದು ಈಥೋಸ್’ ಅಂತ ಬರೆದು ಮುಂದೆ ಹೋಗಿದ್ದರೆ ಇದು ಕಾಣುತ್ತಿತ್ತಾ?

ಕಾಯಿರಿ ಅನ್ನುವ ಮಾತಿಗೆ ಉತ್ತರ ಇನ್ನೂ ಚೆನ್ನಾಗಿದೆ. ಅಲ್ಲಿ 300ಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯ ಬರುತ್ತದೆ. ಹೀಗಾದಾಗ, ಹೀಗಾದಾಗ, ಹೀಗಾದಾಗ ಅಂತ ಒಂದರ ಮೇಲೊಂದು ಅವಮಾನ. ಅದರಲ್ಲೊಂದು, ಟಿವಿಯಲ್ಲಿ ಜಾಹೀರಾತು ಬಂದ ಮನರಂಜನಾ ಪಾರ್ಕಿಗೆ ತಾನ್ಯಾಕೆ ಹೋಗುವ ಹಾಗಿಲ್ಲ ಅಂತ ಕೇಳುವ 6 ವರ್ಷದ ಮಗಳಿಗೆ ಉತ್ತರ ಹೇಳಲು ನಾಲಿಗೆ ತಡವರಿಸುವುದು. ಓದುವವರು ವಾಕ್ಯ ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಲೇ ಇರುತ್ತಾರೆ. ಕೊನೆಗೆ, ಕಾಯುವುದು ನಮಗೆ ಯಾಕೆ ಕಷ್ಟ ಅಂತ ಆಗ ನಿಮಗೆ ಅರ್ಥವಾಗುತ್ತದೆ ಅನ್ನುವಲ್ಲಿ ವಾಕ್ಯ ನಿಲ್ಲುತ್ತದೆ. ಕಾಯಿರಿ ಅಂದವರನ್ನೇ ಕಾಯಿಸಿದ್ದಾರೆ. ವಾಕ್ಯದ ಉದ್ದವೂ ಸಂದರ್ಭದಿಂದಲೇ ಹುಟ್ಟಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಸಿಕ್ಕಿಲ್ಲ.

ಬಿಟ್ಜರ್ ಹೇಳಿದ್ದೇ ಅಂತಿಮ ಅಂತಲೂ ತಿಳಿಯಬೇಡಿ. 1973ರಲ್ಲಿ ಅಮೆರಿಕದ ಇನ್ನೊಬ್ಬ ವಿದ್ವಾಂಸ ರಿಚರ್ಡ್ ವಾಟ್ಜ್ ಅದನ್ನು ಪೂರ್ತಿ ತಲೆಕೆಳಗು ಮಾಡಿದರು. ತುರ್ತು ಅನ್ನುವುದು ಹೊರಗೆ ಎಲ್ಲೋ ಸಿದ್ಧವಾಗಿ ಬಿದ್ದಿರುವುದಿಲ್ಲ, ಸಾವಿರ ಸಂಗತಿಗಳಲ್ಲಿ ಯಾವುದನ್ನು ಎತ್ತಿ ಮುಂದಿಡುತ್ತೇವೋ ಅದೇ ತುರ್ತಾಗುತ್ತದೆ, ಅಂದರೆ ಬರೆಯುವವರೇ ಸಂದರ್ಭವನ್ನು ಹುಟ್ಟಿಸುತ್ತಾರೆ ಅನ್ನುವುದು ಅವರ ವಾದ. ನನ್ನ ಅಭಿಪ್ರಾಯ ಕೇಳಿದರೆ, ಪತ್ರಿಕಾ ಲೇಖನಗಳ ಮಟ್ಟಿಗೆ ವಾಟ್ಜ್ ಹೆಚ್ಚು ಸರಿ. ಹೋಮ್‌ವರ್ಕ್ ಎಷ್ಟೋ ಕಾಲದಿಂದ ಇದೆ. ಅದು ಈ ವಾರ ಸಮಸ್ಯೆಯಾಗಿ ಕಂಡಿದ್ದು ಹೇಗೆ? ಏನಾದರೂ ಘಟನೆ ನಡೆದಿತ್ತಾ, ಹೊಸ ಸುತ್ತೋಲೆ ಬಂದಿತ್ತಾ, ಅಥವಾ ಲೇಖಕಿಯೇ ಆ ನಿದ್ದೆಹೋದ ಮಗುವನ್ನು ಮುಂದಿಟ್ಟು ಅದನ್ನು ಸಮಸ್ಯೆ ಮಾಡಿದರಾ? ಆ ವಾರದ ಪತ್ರಿಕೆಗಳನ್ನು ತಿರುವಿಹಾಕಿ. ಏನೂ ಸಿಗದಿದ್ದರೆ ಅದೂ ಒಂದು ಉತ್ತರವೇ, ಹಾಗಂತಲೇ ಬರೆಯಿರಿ.

ಬರೆಯುವ ಕ್ರಮಕ್ಕೆ ಮೂರು ದಾರಿ ಇವೆ. ಲೇಖಕಿ, ಓದುಗರು, ಉದ್ದೇಶ, ಹೊತ್ತು ಅಂತ ತಲೆಬರಹ ಹಾಕಿ ಬರೆಯುವುದು ಸುರಕ್ಷಿತ, ಏನೂ ಬಿಟ್ಟುಹೋಗುವುದಿಲ್ಲ, ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಡಬ್ಬಿಗಳಾಗಿಬಿಡುತ್ತವೆ. ನಿಮ್ಮ ಮೊದಲ ಪ್ರತಿಗೆ ಆಗಿದ್ದು ಇದೇ ಅಂತ ಕಾಣುತ್ತದೆ. ಪ್ಯಾರಾದಿಂದ ಪ್ಯಾರಾಕ್ಕೆ ಲೇಖನದ ಜೊತೆಗೇ ಹೋಗುವುದು ಎರಡನೆಯದು. ಅದರಲ್ಲಿ ಪುಟ ತುಂಬುತ್ತದೆ, ಗೊತ್ತಿಲ್ಲದ ಹಾಗೆ ಸಾರಾಂಶಕ್ಕೆ ಜಾರಿರುತ್ತೀರಿ. ಮೂರನೆಯದು ಲೇಖನದಲ್ಲಿ ಸ್ವಲ್ಪ ವಿಚಿತ್ರ ಅನ್ನಿಸಿದ ಒಂದು ಸಂಗತಿಯನ್ನು ಪ್ರಶ್ನೆಯಾಗಿ ಹಿಡಿದು ಹೊರಡುವುದು: ಇಲಾಖೆಯನ್ನು ಒತ್ತಾಯಿಸುವ ಲೇಖನ ಪೋಷಕರಿಗೆ ಮಾತ್ರ ಕಾಣುವ ದೃಶ್ಯದಿಂದ ಯಾಕೆ ಶುರುವಾಗುತ್ತದೆ? ನನಗೆ ಇಷ್ಟವಾಗುವುದು ಇದೇ. ಆದರೆ ಇದರಲ್ಲೂ ಅಪಾಯ ಇದೆ. ನಿಮ್ಮ ಮೇಷ್ಟರು ಇಂತಿಂಥ ಅಂಗಕ್ಕೆ ಇಷ್ಟಿಷ್ಟು ಅಂಕ ಅಂತ ಪಟ್ಟಿ ಇಟ್ಟಿದ್ದರೆ, ಒಂದೆರಡು ಅಂಗ ಬಿಟ್ಟುಹೋಗಿ ಅಂಕ ಕಳೆದುಕೊಳ್ಳಬಹುದು. ಪಟ್ಟಿ ಇದೆಯಾ ಅಂತ ಮೊದಲೇ ಕೇಳಿಬಿಡಿ. ಇದ್ದರೆ ಬರೆದು ಮುಗಿಸಿದ ಮೇಲೆ ಅದರ ಜೊತೆ ತಾಳೆ ನೋಡಿ, ಬಿಟ್ಟುಹೋದದ್ದನ್ನು ಸೇರಿಸಿ.

ಎಐ ಚಾಟ್‌ಗೆ ಲೇಖನ ಕೊಟ್ಟು ಬರೆಸುವ ಯೋಚನೆ ಬಂದಿದ್ದರೆ, ಸುಮ್ನೆ ಹಾಗೇ ಕೇಳಿದಾಗ ಅದು ಕೊಡುವುದು ಹೆಚ್ಚಾಗಿ ನೀವು ಈಗಾಗಲೇ ಬರೆದಿರುವ ಆ ಮೂರು ಗ್ರೀಕ್ ಹೆಸರಿನ ಪಟ್ಟಿಯನ್ನೇ. ವಾಪಸ್ ಬಂದಿರುವುದು ಅದೇ ಅಲ್ವಾ?

ಸೋಮವಾರಕ್ಕೆ ಇನ್ನೂ ಹೊತ್ತಿದೆ. ಹಳೆಯ ನಾಲ್ಕು ಪುಟ ಎಸೆಯಬೇಡಿ. ಸಾರಾಂಶವನ್ನು ಐದಾರು ಸಾಲಿಗೆ ಇಳಿಸಿ ಮೇಲಿಡಿ, ಪತ್ರಿಕೆಯ ಹೆಸರು, ಪ್ರಕಟವಾದ ದಿನಾಂಕ ಅಲ್ಲೇ ಬರಲಿ. ಆಮೇಲೆ ಮೊದಲ ಪ್ಯಾರಾ, ‘ನಾನೂ’ ಅನ್ನುವ ಸಾಲು, ಕೊನೆಯ ಒತ್ತಾಯ, ಈ ಮೂರು ಜಾಗಗಳನ್ನು ಮಾತ್ರ ಹಿಡಿದು ಒಂದೊಂದಕ್ಕೆ ಒಂದೊಂದು ಪುಟ ಬರೆಯಿರಿ. ಸಮೀಕ್ಷೆಯನ್ನು ಕೊನೆಗೆ ನೋಡಿ. ಅದನ್ನು ಮಾಡಿದವರು ಯಾರು, ಯಾವ ವಯಸ್ಸಿನ ಮಕ್ಕಳ ಮೇಲೆ ಮಾಡಿದ್ದು ಅಂತ ಲೇಖನ ಹೇಳಿದೆಯಾ? ಹೇಳಿಲ್ಲದಿದ್ದರೆ ಓದುಗರು ಅದನ್ನು ಕೇಳುವುದಿಲ್ಲ ಅಂತ ಲೇಖನ ನಂಬಿದೆ, ಹಾಗೆ ನಂಬಲು ಅದಕ್ಕೆ ಧೈರ್ಯ ಎಲ್ಲಿಂದ ಬಂತು ಅನ್ನುವುದಕ್ಕೆ ಇನ್ನರ್ಧ ಪುಟ ಸಿಗುತ್ತದೆ.